ಹರಳೆಣ್ಣೆ ಹಚ್ಚಿದ ಗೋಡೆ

ಯಾವ ವಸ್ತು ಕೈಗೆ ಬಂದರೂ ಅವರು ಮೊದಲು ಮೂಸಿ ನೋಡುತ್ತಿದ್ದರು. ಹೊಸ ಬೋಲ್ಟಿನ ಡಬ್ಬಿ, ಗ್ರೀಸಿನ ಡ್ರಮ್ಮು, ಕ್ಯಾಂಟೀನಿನ ಚಹಾ, ಕಡೆಗೆ ಸಂಬಳದ ಲಕೋಟೆ ಕೂಡ. ವಿಕ್ರೋಳಿಯ ಆ ಕಾರ್ಖಾನೆಗೆ ನಾನು ಸೇರಿದ ಮೊದಲ ದಿನ ಸ್ಟೋರ್ಸಿನ ಕಿಟಕಿಗೆ ಹೋಗಿ ಹರಕು ಮುರುಕು ಹಿಂದಿಯಲ್ಲಿ ಪೆನ್ಸಿಲ್ಲು, ರಬ್ಬರು ಕೇಳಿದೆ. ಕಿಟಕಿಯಾಚೆ ಕೂತಿದ್ದ ಎತ್ತರದ ಮನುಷ್ಯ ಪೆನ್ಸಿಲ್ಲನ್ನು ಮೂಸಿ ನನ್ನ ಕೈಗಿಟ್ಟು, ಹಾಗೆಯೇ ನನ್ನ ಕಡೆಯ ಗಾಳಿಯನ್ನೂ ಒಂದು ಸಲ ಎಳೆದುಕೊಂಡು, "ಮೈಸೂರ ಕಡೆಯವರೇನ್ರಿ?" ಎಂದು ಕೇಳಿದರು. ನಾನು ಕಕ್ಕಾಬಿಕ್ಕಿಯಾದೆ. ಆಮೇಲೆ ಕಾರಣ ತಿಳಿಯಿತು. ಮಗ ಹೊಸ ಕೆಲಸಕ್ಕೆ ಹೊರಟಿದ್ದಾನೆಂದು ಅಮ್ಮ ಬೆಳಗಿನ ಜಾವಕ್ಕೇ ಎಬ್ಬಿಸಿ ಎಣ್ಣೆ ನೀರು ಹಾಕಿದ್ದಳು. ಸೀಗೇಪುಡಿ ಹಾಕಿ ಎಷ್ಟು ತಿಕ್ಕಿದರೂ ಹರಳೆಣ್ಣೆಯ ವಾಸನೆ ಅಷ್ಟು ಸುಲಭಕ್ಕೆ ತಲೆ ಬಿಟ್ಟು ಹೋಗುವುದಿಲ್ಲ. ಇಡೀ ಮುಂಬಯಿಯಲ್ಲಿ ಈ ವಾಸನೆ ಹೊತ್ತು ಲೋಕಲ್ ಹತ್ತುವವರು ಮೈಸೂರು ಸೀಮೆಯವರು ಮಾತ್ರ ಎನ್ನುವುದು ಅವರ ಸಿದ್ಧಾಂತ.

ಅವರು ಹೋದ ತಿಂಗಳು ತೀರಿಕೊಂಡರು. ಬೊರಿವಲಿಯ ಮನೆಗೆ ಹೋಗಿ ಕೂತಾಗ ಹಳೆಯ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಅವರ ಪ್ರಾಮಾಣಿಕತೆ, ಶಿಸ್ತು, ಸಮಯಪಾಲನೆ ಎಂದೆಲ್ಲ ಹೊಗಳಿದರು. ನನಗೆ ಒಳಗೊಳಗೇ ಸಿಟ್ಟು ಬಂತು. ಅಲ್ಲ, ಇದನ್ನೆಲ್ಲ ಯಾರ ಬಗ್ಗೆ ಬೇಕಾದರೂ ಹೇಳಬಹುದು. ಆ ಮೂಗಿನ ಬಗ್ಗೆ ಒಬ್ಬರಾದರೂ ಒಂದು ಮಾತು ಆಡಬಾರದೇ? ಆಡಲಿಲ್ಲ. ಅದಕ್ಕೇ ನಾನು ಬರೆಯಲು ಕೂತೆ.

ಅವರು ಬಿಜಾಪುರದ ಕಡೆಯವರು. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಮೇಲಿನವರ ಜೊತೆ ಎರಡೂ ಅಲ್ಲದ ಒಂದು ಇಂಗ್ಲಿಷ್. ಸ್ಟೋರ್ಸಿಗೆ ಮುಖ್ಯಸ್ಥರಾದ್ದರಿಂದ ಇಡೀ ಕಾರ್ಖಾನೆಗೆ ಅವರು ಸ್ಟೋರ್ ಸಾಹೇಬರು. ಹೆಸರು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ, ಈಗ ನಾನು ಮೊದಲಿಗನಾಗುವುದೂ ಬೇಡ.

ಸ್ಟೋರಿನಲ್ಲಿ ಅವರದೊಂದು ಕಟ್ಟಾಜ್ಞೆ ಇತ್ತು. ಯಾವ ಸರಕನ್ನೂ ಗೋಡೆಗೆ ತಾಗಿಸಿ ಇಡಬಾರದು. ಗೋಡೆಗೂ ಸರಕಿಗೂ ನಡುವೆ ಒಂದು ಅಂಗೈ ಹೋಗಬೇಕು. ಮುಂಬಯಿಯ ಗೋಡೆಗಳು ಮಳೆಗಾಲದಲ್ಲಿ ಬೆವರುತ್ತವೆ, ತಾಗಿದ್ದನ್ನೆಲ್ಲ ತಿನ್ನುತ್ತವೆ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಸಾಲು ಸಾಲು ಪೆಟ್ಟಿಗೆಗಳ ಹಿಂದೆ ಕೈ ತೂರಿಸುತ್ತಾ ಹೋಗುವುದು ಅವರ ರೂಢಿ. ಈ ಚಟ ಕಾರ್ಖಾನೆಯ ಗೇಟಿನ ಒಳಗೇ ಇದ್ದಿದ್ದರೆ ಚೆನ್ನಾಗಿತ್ತು. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿಗೆ ಮೊದಲ ಸಲ ಚಹಾಕ್ಕೆ ಬಂದವರು ಕೂರುವ ಮೊದಲೇ ನಮ್ಮ ಬೀರುವಿನ ಹಿಂದೆ ಕೈ ಹಾಕಿ ನೋಡಿದರು. ಕೈ ಹೋಗಲಿಲ್ಲ. ನಾನು ಬೇಡ ಬೇಡ ಎನ್ನುತ್ತಿದ್ದಂತೆ ನನ್ನಿಂದಲೇ ಒಂದು ಕಡೆ ಹಿಡಿಸಿ ಬೀರುವನ್ನು ಮುಂದಕ್ಕೆ ಎಳೆದರು. ಹಿಂದಿನಿಂದ ಅಮ್ಮ ಕಳೆದುಹೋಯಿತೆಂದು ಅತ್ತು ಕರೆದಿದ್ದ ಕುಂಕುಮದ ಭರಣಿ ಸಿಕ್ಕಿತು. ಆವತ್ತಿನಿಂದ ಅಮ್ಮನ ಪಾಲಿಗೆ ಅವರು ದೇವರಂಥ ಮನುಷ್ಯ. ಅವರು ಅಮ್ಮನನ್ನು ಅವ್ವಾರ ಎನ್ನುತ್ತಿದ್ದರು, ಅಮ್ಮ ಅವರನ್ನು ಏನಪ್ಪಾ, ಬಾಪ್ಪಾ ಎಂದೇ ಮಾತಾಡಿಸುತ್ತಿದ್ದಳು.

ಸಾಹೇಬರಿಗೆ ಮಕ್ಕಳಿರಲಿಲ್ಲ. ಹೆಂಡತಿಗೆ ದಮ್ಮು. ನಾವು ಅವರನ್ನು ಭಾಭಿ ಎನ್ನುತ್ತಿದ್ದೆವು. ಕುರ್ಲಾದ ಚಾಳಿನ ಕೆಳ ಅಂತಸ್ತಿನ ಕೋಣೆಯಲ್ಲಿ ವರ್ಷಗಟ್ಟಲೆ ಅವರು ಉಸಿರಿಗೆ ಒದ್ದಾಡಿದ್ದನ್ನು ನೋಡಿ ನೋಡಿ, ಡಾಕ್ಟರು ಗುಡ್ಡದ ಗಾಳಿ ಒಳ್ಳೆಯದು ಎಂದದ್ದೇ ತಡ, ಸಾಹೇಬರು ಬೊರಿವಲಿಯಲ್ಲಿ, ಸ್ಟೇಷನ್ನಿನಿಂದ ಬಹಳ ಒಳಗೆ, ಗುಡ್ಡದ ಕಾಡು ಕಾಣುವ ಕಡೆ ಒಂದು ಪುಟ್ಟ ಜಾಗ ಹಿಡಿದು ಎರಡು ಕೋಣೆಯ ಮನೆ ಕಟ್ಟಿದರು. ಎಪ್ಪತ್ತರ ದಶಕ ಆಗಿನ್ನೂ ಶುರುವಾಗಿತ್ತು. ಬೊರಿವಲಿ ಎಂದರೆ ನಮಗೆಲ್ಲ ಬೇರೆ ಜಿಲ್ಲೆಯೇ. ವಿಕ್ರೋಳಿಯಿಂದ ದಾದರ್, ದಾದರಿನ ಸೇತುವೆ ಹತ್ತಿಳಿದು ಇನ್ನೊಂದು ಲೈನಿನ ಗಾಡಿ, ಅಲ್ಲಿಂದ ಬೊರಿವಲಿ, ಮತ್ತೆ ನಡಿಗೆ. ದಿನಾ ಹೋಗಿ ಬರುವುದು ಹೇಗೆ ಎಂದರೆ, ಆಕೆಯ ಉಸಿರಿಗಿಂತ ನನ್ನ ಕಾಲು ದೊಡ್ಡದಲ್ಲ ಎಂದುಬಿಟ್ಟರು.

ಮೊದಲ ಮಳೆಗಾಲ ಬಂತು. ಬಂದ ಮಳೆ ಅಷ್ಟೂ ಪಶ್ಚಿಮದ ಗೋಡೆಗೆ ಹೊಡೆಯಿತು. ಮಲಗುವ ಕೋಣೆಯ ಗೋಡೆಯೇ ಅದು. ನೀರು ಒಳಗೆ ಒಸರಿ, ಸುಣ್ಣ ಉಬ್ಬಿ, ಬೂಷ್ಟು ಹಿಡಿದು, ಕೋಣೆ ಹಳೆಯ ಉಪ್ಪಿನಕಾಯಿ ಜಾಡಿಯಂತೆ ನಾರತೊಡಗಿತು. ಭಾಭಿಗೆ ಕುರ್ಲಾದಲ್ಲಿ ಇದ್ದದ್ದಕ್ಕಿಂತ ಹೆಚ್ಚಿನ ದಮ್ಮು. ಕಡೆಗೆ ಅವರ ಅಣ್ಣ ಬಂದು, ಮಳೆ ಮುಗಿಯುವವರೆಗೆ ನಮ್ಮಲ್ಲಿರಲಿ ಎಂದು ಕುರ್ಲಾದ ತಮ್ಮ ಮಾಳಿಗೆಯ ಮನೆಗೆ ಕರೆದುಕೊಂಡು ಹೋದರು. ಹೆಂಡತಿಗಾಗಿ ಕಟ್ಟಿದ ಮನೆಯಲ್ಲಿ ಗಂಡ ಒಬ್ಬನೇ ಒದ್ದೆ ಗೋಡೆ ನೋಡಿಕೊಂಡು ಮಲಗುವ ಹಾಗಾಯಿತು. "ಗೋಡಿ ಒಣಗಿದ್ರ ಬರತೀನಿ ಅಂದಾಳ್ರಿ. ಇಲ್ಲಂದ್ರ ವರ್ಷಾ ನಾಕ ತಿಂಗಳ ಅಣ್ಣನ ಮನಿ" ಎಂದು ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ. ಆ ದಿನ ಅವರು ಚಹಾ ಮೂಸಲಿಲ್ಲ.

ಸಲಹೆಗಳಿಗೇನು ಬರವೇ? ಒಬ್ಬರು ಡಾಂಬರು ಬಳಿಯಿರಿ ಎಂದರು. ಅದನ್ನೂ ಬಳಿದರು, ಬೇಸಿಗೆಯಲ್ಲಿ ಅದು ಕರಗಿ ಅಂಗಳಕ್ಕೆ ಇಳಿಯಿತು. ಇನ್ನೊಬ್ಬರು ತಗಡು ಹೊಡೆಸಿ ಎಂದರು. ತಗಡಿನ ಮೇಲೆ ಮಳೆ ಬಿದ್ದರೆ ಆ ಸದ್ದಿಗೇ ತಲೆ ಸಿಡಿಯುತ್ತದೆ ಎಂದು ಭಾಭಿ ಒಪ್ಪಲಿಲ್ಲ. ಆಗ ಸಾಹೇಬರ ಕಣ್ಣು ಬಿದ್ದದ್ದು ಸ್ಟೋರಿನ ಕ್ಯಾಲೆಂಡರಿನ ಮೇಲೆ. ಹೊರದೇಶದಿಂದ ಯಂತ್ರದ ಜೊತೆ ಬಂದ ಕ್ಯಾಲೆಂಡರು ಅದು. ಹಿಮ ಸುರಿಯುವ ಯಾವುದೋ ಊರು, ಅಲ್ಲಿಯ ಮನೆಗಳಿಗೆಲ್ಲ ಹೊರಗಡೆ ಮರದ ಹಲಗೆಯ ಹೊದಿಕೆ. ಮೇಲಿನ ಹಲಗೆಯ ಅಂಚು ಕೆಳಗಿನದರ ಮೇಲೆ ಬರುವಂತೆ ಮೀನಿನ ಹುರುಪೆಯ ಹಾಗೆ ಹೊದಿಸಿದ್ದರು. ಹಿಮಕ್ಕೆ ತಡೆಯುವುದು ಮಳೆಗೆ ತಡೆಯುವುದಿಲ್ಲವೇ? ಬಣ್ಣ ಬಳಿಯದ, ಸಹಜ ಮರದ ಹಲಗೆಯನ್ನು ಗೋಡೆಗೆ ತೊಡಿಸುತ್ತೇನೆ ಎಂದು ಅವರು ಸಾರಿದಾಗ ಕ್ಯಾಂಟೀನಿನಲ್ಲಿ ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮುಂಬಯಿ ಮಳೆಗೆ ಮರವೇ! ನಮ್ಮ ಡ್ರಾಯಿಂಗ್ ಆಫೀಸಿನ ಎಂಜಿನಿಯರರಂತೂ, ಎರಡನೆಯ ವರ್ಷ ನಿಮ್ಮ ಗೋಡೆಯ ಮೇಲೆ ಅಣಬೆ ಕಿತ್ತು ಪಲ್ಯ ಮಾಡಬಹುದು ಎಂದರು. ಭಾಭಿಯೂ ಮೂಗು ಮುರಿದರಂತೆ. ಹಣ್ಣಿನ ಪೆಟ್ಟಿಗೆಯಲ್ಲಿ ಇರಲು ನಾನೇನು ಆಪೂಸ್ ಮಾವಿನಹಣ್ಣೇ ಎಂದು ಕೇಳಿದ್ದನ್ನು ಸಾಹೇಬರೇ ನಮಗೆ ಹೇಳಿ ನಕ್ಕರು.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅವರಿಗೆ ಮರದ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಮೂಸುವುದು, ಗೆಣ್ಣಿನಿಂದ ತಟ್ಟಿ ಕಿವಿ ಕೊಡುವುದು, ಉಗುರಿನಿಂದ ಚಿವುಟುವುದು, ಎಲ್ಲ ಮಾಡುತ್ತಿದ್ದರು. ಆದರೆ ತಟ್ಟಿದ್ದಕ್ಕೆ ಏನು ಕೇಳಿಸಿತು ಎಂದರೆ, ಟಕ್ ಅಂತ ಕೇಳಿಸಿತು ಎನ್ನುವಷ್ಟೇ ಅವರ ಜ್ಞಾನ. ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಮಳೆಯ ಹತ್ತಿರವೇ ಕೇಳೋಣ ಎಂದು ಒಂದು ಉಪಾಯ ಹೂಡಿದರು. ರೇ ರೋಡಿನ ಮರದ ಬಜಾರಿಗೆ ಹೋಗಿ ಬೇರೆ ಬೇರೆ ಜಾತಿಯ ಹಲಗೆ ತಂದು, ಒಂದೊಂದಕ್ಕೂ ತೂತು ಕೊರೆಸಿ ಸುತ್ತಳಿ ಕಟ್ಟಿ, ಗೆಳೆಯರಿಗೆಲ್ಲ ಹಂಚಿದರು. ಮನೆಯ ಪಶ್ಚಿಮದ ಕಡೆ, ಮಳೆ ಬೀಳುವಲ್ಲಿ ನೇತು ಹಾಕಬೇಕು. ದಸರಾ ಮುಗಿಯುವವರೆಗೆ ಯಾರೂ ಮುಟ್ಟಬಾರದು. ಆಮೇಲೆ ಎಲ್ಲ ಬೊರಿವಲಿಗೆ ತರಬೇಕು, ಚೆನ್ನಾಗಿ ಉಳಿದ ಜಾತಿಯನ್ನು ಗೋಡೆಗೆ ಹೊದಿಸುವುದು.

ಎಂಜಿನಿಯರರು ತಲೆ ಚಚ್ಚಿಕೊಂಡರು. ಎಲ್ಲ ಹಲಗೆಯನ್ನೂ ಒಂದೇ ಕಡೆ ಇಟ್ಟರೆ ಅದು ಪರೀಕ್ಷೆ, ಒಂದೊಂದನ್ನು ಒಂದೊಂದು ಮನೆಯಲ್ಲಿ ಇಟ್ಟರೆ ಅದು ತಮಾಷೆ ಎಂದು ವಿವರಿಸಿದರು. ಸಾಹೇಬರು ತಾಳ್ಮೆಯಿಂದ ಕೇಳಿ, ಒಂದೇ ಕಡೆ ಇಟ್ಟರೆ ನಾನೊಬ್ಬನೇ ನೋಡಿಕೊಂಡು ಕೂರಬೇಕು, ಹಂಚಿದರೆ ನಾಲ್ಕು ಮಂದಿ ನನ್ನ ಗೋಡೆಯ ಬಗ್ಗೆ ಯೋಚನೆ ಮಾಡುತ್ತಾರೆ ಎಂದರು. ಆ ವರ್ಷ ನಾವು ನಿಜವಾಗಿಯೂ ಅದನ್ನೇ ಮಾಡಿದೆವು. ಯಾರು ಎದುರಾದರೂ ನಿಮ್ಮ ಹಲಗೆ ಹೇಗಿದೆ ಎನ್ನುವುದೇ ಮೊದಲ ಮಾತು.

ಸಾಗುವಾನಿ ಅಕೌಂಟ್ಸಿನ ಹಿರಿಯರಿಗೆ ಹೋಯಿತು, ಮಾವಿನ ಹಲಗೆ ಎಂಜಿನಿಯರರಿಗೆ. ಮತ್ತಿಯದನ್ನು ಸಾಹೇಬರು ತಾವೇ ಇಟ್ಟುಕೊಂಡರು. ನನಗೆ ಸಿಕ್ಕಿದ್ದು ದೇವದಾರು, ಅಂದರೆ ಯಂತ್ರಗಳು ಬರುವ ಪೆಟ್ಟಿಗೆಯ ಮರ. ಮುಂಬಯಿಯಲ್ಲಿ ಅಂಥ ಬಿಳಿ ಮರಕ್ಕೆಲ್ಲ ದೇವದಾರು ಎಂದೇ ಹೆಸರು. ಇದು ಹೇಗೂ ಕೊಳೆಯುತ್ತದೆ, ನಿಮ್ಮ ಮೇಲೆ ಜವಾಬ್ದಾರಿ ಬೇಡ ಎಂದು ನಗುತ್ತಲೇ ಕೊಟ್ಟರು. ಆಫೀಸಿನಲ್ಲಿ ನನ್ನ ಬೆಲೆ ಎಷ್ಟೆಂದು ನನಗೂ ಗೊತ್ತಾಯಿತು.

ಅವರು ತಮ್ಮ ಮತ್ತಿ ಹಲಗೆಯನ್ನು ಬೊರಿವಲಿಗೆ ಒಯ್ದ ಕತೆಯೇ ಬೇರೆ. ದಾದರಿನಲ್ಲಿ ವಿರಾರ್ ಗಾಡಿ ಹತ್ತಿ ಹಲಗೆ ಹಿಡಿದು ನಿಂತಿದ್ದಾರೆ. ದಿನಾ ಇಸ್ಪೀಟು ಆಡುವ ಗುಜರಾತಿಗಳ ಗುಂಪೊಂದು, ಕಾಕಾ, ಇದನ್ನು ಇಲ್ಲಿ ಕೊಡಿ ಎಂದು ತೆಗೆದುಕೊಂಡು ಎದುರು ಬದುರು ಕೂತವರ ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡಿತು. ಅಂಥ ಸೊಗಸಾದ ಮೇಜು ಆ ಗಾಡಿಯಲ್ಲಿ ಯಾವತ್ತೂ ಬಂದಿರಲಿಲ್ಲ. ಬೊರಿವಲಿ ಬಂತು. ಆಟ ರಂಗೇರಿತ್ತು, ಹಲಗೆಯ ತುಂಬ ಎಲೆಗಳು. ನಡುವೆ ಎಳೆದುಕೊಳ್ಳುವುದು ಹೇಗೆ? ಸಾಹೇಬರು ಆಟ ಮುಗಿಯುವವರೆಗೆ ವಿರಾರಿನವರೆಗೂ ಹೋಗಿ, ಅಲ್ಲಿಂದ ಹಲಗೆಯ ಸಮೇತ ಹಿಂದಿರುಗಿದರು. ಮರುದಿನ ನಾವು ಛೇಡಿಸಿದರೆ, ಪಾಪ ಗೆಲ್ಲುತ್ತಿದ್ದವನ ಮುಖ ನೋಡಿ ಮನಸ್ಸು ಬರಲಿಲ್ಲ ಎಂದರು.

ಮಳೆ ಬಂತು, ಹೋಯಿತು. ಭಾಭಿ ಆ ಮಳೆಗಾಲವನ್ನೂ ಕುರ್ಲಾದ ಅಣ್ಣನ ಮನೆಯಲ್ಲಿ ಕಳೆದರು. ಸಾಹೇಬರು ವಾರಕ್ಕೊಮ್ಮೆ ಕುರ್ಲಾದಲ್ಲಿ ಇಳಿದು, ಹೆಂಡತಿಯನ್ನು ನೋಡಿ, ರಾತ್ರಿಯ ಗಾಡಿಗೆ ಒಬ್ಬರೇ ಬೊರಿವಲಿಗೆ ಹೋಗುತ್ತಿದ್ದರು. ಕುರ್ಲಾದಲ್ಲೇ ಉಳಿದುಬಿಡಬಾರದೇ ಎಂದರೆ, ಮನೆ ಕಟ್ಟಿದವನು ಮನೆ ಬಿಟ್ಟರೆ ಅವಳು ಯಾಕೆ ವಾಪಸು ಬಂದಾಳು ಎನ್ನುತ್ತಿದ್ದರು. ನಗಿಸುತ್ತಲೇ ಇದ್ದ ಮನುಷ್ಯ, ಆದರೆ ಆ ನಾಲ್ಕು ತಿಂಗಳಲ್ಲಿ ಷರಟು ಸಡಿಲವಾಗುವಷ್ಟು ಸೊರಗಿದ್ದರು.

ದಸರಾ ಕಳೆದ ಭಾನುವಾರ ಎಲ್ಲರೂ ಹಲಗೆ ಹೊತ್ತು ಬೊರಿವಲಿಗೆ ಹೋದೆವು. ಭಾಭಿಯೂ ಅಣ್ಣನ ಮನೆಯಿಂದ ಬಂದಿದ್ದರು. ಈ ಜಾತ್ರೆ ನಾನೂ ನೋಡಬೇಕು ಎಂದು ಹೊರಟ ಅಮ್ಮ ದಾದರಿನ ಸೇತುವೆಯನ್ನು ಬೈದುಕೊಂಡೇ ಹತ್ತಿ ಇಳಿದಳು. ಅಂಗಳದಲ್ಲಿ ಚಾಪೆ ಹಾಸಿ ಹಲಗೆಗಳನ್ನು ಹೆಣ್ಣು ನೋಡುವ ಶಾಸ್ತ್ರದ ಹಾಗೆ ಸಾಲಾಗಿ ಇಟ್ಟರು. ಎಂಜಿನಿಯರರ ಮಾವಿನ ಹಲಗೆಯಲ್ಲಿ ಅವರ ಭವಿಷ್ಯವಾಣಿಯಂತೆ ಅಣಬೆಯೇ ಎದ್ದಿತ್ತು. ಅವರಿಗೆ ಅದರಿಂದ ಆದ ಖುಷಿ ಅಷ್ಟಿಷ್ಟಲ್ಲ. ಸಾಹೇಬರ ಮತ್ತಿ ಬಿಲ್ಲಿನ ಹಾಗೆ ಬಾಗಿ, ಉದ್ದಕ್ಕೂ ಸೀಳು ಬಿಟ್ಟಿತ್ತು. ಅಕೌಂಟ್ಸಿನ ಹಿರಿಯರ ಸಾಗುವಾನಿ ಮಾತ್ರ ಮದುಮಗನಂತೆ ಹೊಳೆಯುತ್ತಿತ್ತು. ಸಾಹೇಬರು ಮೂಸಿ ನೋಡಿ, ಇದರಲ್ಲಿ ಸಾಂಬಾರ ಪುಡಿ ವಾಸನೆ ಬರುತ್ತಿದೆಯಲ್ಲ ಎಂದರು. ಹಿರಿಯರು ತಲೆ ತಗ್ಗಿಸಿದರು. ಇಷ್ಟು ಒಳ್ಳೆಯ ಮರವನ್ನು ಮಳೆಗೆ ಹಾಕಲು ಹೆಂಡತಿಗೆ ಮನಸ್ಸು ಬರಲಿಲ್ಲವಂತೆ. ಅಡುಗೆಮನೆಯಲ್ಲಿ ಡಬ್ಬ ಇಡುವ ಶೆಲ್ಫ್ ಮಾಡಿಕೊಂಡಿದ್ದರು. ಹೇಗೂ ಇಡೀ ಗೋಡೆಗೆ ಸಾಗುವಾನಿ ಹೊದಿಸುವುದು ಸ್ಟೋರ್ಸಿನ ಸಂಬಳಕ್ಕೆ ನಿಲುಕುವ ಮಾತಾಗಿರಲಿಲ್ಲ.

ಕೊನೆಗೆ ನಮ್ಮ ದೇವದಾರು. ನಾನೇ ಅದನ್ನು ಸರಿಯಾಗಿ ನೋಡಿರಲಿಲ್ಲ. ಬೆಳಿಗ್ಗೆ ಕತ್ತಲಲ್ಲಿ ಮನೆ ಬಿಟ್ಟು ಸಂಜೆ ಕತ್ತಲಲ್ಲಿ ಸೇರುವವನಿಗೆ ಗ್ಯಾಲರಿಯಲ್ಲಿ ತೂಗುವ ಹಲಗೆಯ ಚಿಂತೆ ಎಲ್ಲಿ? ಚೀಲದಿಂದ ತೆಗೆದರೆ ಜೇನಿನ ಬಣ್ಣಕ್ಕೆ ತಿರುಗಿದೆ, ನಯವಾಗಿದೆ. ಬೂಷ್ಟಿಲ್ಲ, ಸೀಳಿಲ್ಲ, ಬಾಗಿಲ್ಲ. ಎಲ್ಲರ ಕೊರಳೂ ಮುಂದೆ ಬಂತು. ಸಾಹೇಬರ ಮುಖ ಅರಳಿತು. ಪೆಟ್ಟಿಗೆಯ ಮರ, ಅಗ್ಗದ ಮರ, ಬೇಕಾದಷ್ಟು ಸಿಗುವ ಮರ! ಭಾಭಿಯ ಕಡೆ ತಿರುಗಿ, ನೋಡಿದಿಯಾ ಎನ್ನುವ ಹಾಗೆ ಹುಬ್ಬು ಹಾರಿಸಿದರು. ಆಮೇಲೆ ಹಲಗೆಯನ್ನು ಮೂಗಿಗೆ ಹಿಡಿದರು. ಹಿಡಿದವರು ಹಾಗೆಯೇ ನಿಂತರು. ಮತ್ತೊಮ್ಮೆ ಮೂಸಿ, ನಿಧಾನವಾಗಿ ನನ್ನ ಕಡೆ ತಿರುಗಿದರು.

"ಈ ವಾಸನಿ ನನಗ ಗೊತ್ತೈತಿ. ನೀವು ಕೆಲಸಕ್ಕ ಬಂದ ಮೊದಲನೇ ದಿನದ್ದು."

ನಾನು ಅಮ್ಮನನ್ನು ನೋಡಿದೆ. ಅಮ್ಮ ಸೆರಗು ಸರಿಮಾಡಿಕೊಂಡಳು. ಆ ವರ್ಷ ನನ್ನ ಮಗಳು ಹುಟ್ಟಿದ್ದಳು. ಎಳೆಗೂಸಿಗೆ ದಿನಾ ಹರಳೆಣ್ಣೆ ತಿಕ್ಕಿ ನೀರು ಹಾಕುವುದು ಅಮ್ಮನ ಕೆಲಸ. ತಿಕ್ಕಿದ ಮೇಲೆ ಅಂಗೈಯಲ್ಲಿ ಒಂದಿಷ್ಟು ಎಣ್ಣೆ ಉಳಿಯುತ್ತದಲ್ಲ, ಅದನ್ನು ತೊಳೆದು ಚೆಲ್ಲಬಾರದು. ನಮ್ಮ ಕಡೆ ಅದನ್ನು ಹೊಸಿಲಿಗೋ ಬಾಗಿಲ ಚೌಕಟ್ಟಿಗೋ ಒರೆಸುತ್ತಾರೆ. ಬಾಡಿಗೆ ಮನೆಯ ಚೌಕಟ್ಟಿಗೆ ಬಣ್ಣ ಬಳಿದಿತ್ತು, ಅದು ಎಣ್ಣೆ ಕುಡಿಯುವುದಿಲ್ಲ.

"ಮತ್ತೆ ಕೈಯಲ್ಲಿರೋ ಎಣ್ಣೇನ ಎಲ್ಲಿಗೆ ಒರೆಸಲಪ್ಪಾ? ಪಕ್ಕದಲ್ಲೇ ತೂಗಾಡ್ತಿತ್ತು, ಅದಕ್ಕೆ ಒರೆಸಿದೆ" ಎಂದಳು ಅಮ್ಮ. ಮಳೆ ಜೋರಾದ ದಿನ ಹಳೇ ಸೀರೆಯ ತುಂಡಿನಲ್ಲಿ ನೀರನ್ನೂ ಒರೆಸುತ್ತಿದ್ದಳಂತೆ. ಪರರ ಸಾಮಾನು, ನೆನೆಯಲು ಬಿಟ್ಟರೆ ಹೇಗೆ ಎಂದು.

ಎಂಜಿನಿಯರರು ಎರಡೂ ಕೈ ಮೇಲೆತ್ತಿ, ಪರೀಕ್ಷೆ ಹಾಳಾಯಿತು ಎಂದು ಘೋಷಿಸಿದರು. ಎಲ್ಲರೂ ನಗತೊಡಗಿದರು, ಅಮ್ಮನೂ ನಕ್ಕಳು. ಸಾಹೇಬರು ನಗಲಿಲ್ಲ. ಹಲಗೆಯನ್ನು ಚಾಪೆಯ ಮೇಲಿಟ್ಟು ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಇಡೀ ಮಳೆಗಾಲ ಹೋಗಿತ್ತು. ಭಾಭಿ ನಾಲ್ಕು ತಿಂಗಳು ಬೇರೆಯವರ ಮನೆಯಲ್ಲಿ ಇದ್ದದ್ದೂ ದಂಡವಾಗಿತ್ತು. ಯಾವ ಮರ ಎನ್ನುವುದು ಹೋದ ವರ್ಷ ಎಷ್ಟು ಗೊತ್ತಿತ್ತೋ ಅಷ್ಟೇ ಗೊತ್ತಿತ್ತು. ನಮ್ಮ ನಗು ಒಂದೊಂದಾಗಿ ನಿಂತಿತು. ಅಮ್ಮನ ಮುಖ ಸಪ್ಪಗಾಯಿತು.

ಆಗ ಭಾಭಿ ಮುಂದೆ ಬಂದು ಆ ಹಲಗೆಯ ಮೇಲೆ ಕೈಯಾಡಿಸಿದರು. ಎಷ್ಟು ಎಣ್ಣೆ ಹಿಡಿಯುತ್ತದೆ ಎಂದು ಅಮ್ಮನನ್ನು ಕೇಳಿದರು. ಅಂಗೈಯಲ್ಲಿ ಉಳಿದಷ್ಟು ಎಂದಳು ಅಮ್ಮ. ಇಬ್ಬರೂ ಗೋಡೆಯ ಕಡೆ ನೋಡಿದರು. ಇಷ್ಟು ದೊಡ್ಡ ಗೋಡೆಗೆ ಎಷ್ಟು ಅಂಗೈ ಬೇಕು ಎಂದು ಲೆಕ್ಕ ಹಾಕುತ್ತಿದ್ದರೋ ಏನೋ.

ಸಾಹೇಬರು ತಲೆಯೆತ್ತಿದರು. "ಮಳಿಗೆ ನಿಂತ ಹಲಗಿ ಎಲ್ಲಾ ನನ್ನ ಮಾತು ಕೇಳಿ ಕೆಟ್ಟು ಹೋದವು. ಇದೊಂದ ನನ್ನ ಮಾತು ಕೇಳದ ಉಳೀತು. ನನಗ ಇದ ಬೇಕ್ರಿ."

ಹೀಗೆ ಮರದ ಆಯ್ಕೆ ಮುಗಿಯಿತು. ಅಮ್ಮ ಆ ದಿನ ಭಾಭಿ ಕೊಟ್ಟ ಬಾಳೆಹಣ್ಣು ಮಾತ್ರ ತಿಂದು ಚಹಾ ಕುಡಿದಳು. ಮುಂದಿನ ವರ್ಷಗಳಲ್ಲಿ ಅದೇ ಅಂಗಳದಲ್ಲಿ ಅವರು ಮಾಡಿದ ಶೀರಾವನ್ನು ಎರಡು ಸಲ ಹಾಕಿಸಿಕೊಂಡು ತಿಂದದ್ದಕ್ಕೆ ನಾನು ಸಾಕ್ಷಿ.

ಹಲಗೆ ಕೊಳ್ಳಲು ರೇ ರೋಡಿಗೆ ಸಾಹೇಬರು ಭಾಭಿಯನ್ನೂ ನನ್ನನ್ನೂ ಕರೆದುಕೊಂಡು ಹೋದರು. ಅವರ ಹೊಸ ಚಿಂತೆಯೆಂದರೆ, ಕೆಲವು ಪೆಟ್ಟಿಗೆ ಹಲಗೆಗೆ ಯಂತ್ರದ ಎಣ್ಣೆ, ಔಷಧಿಯ ಘಾಟು ಹಿಡಿದಿರುತ್ತದೆ, ಅದು ಮನೆಯ ಗೋಡೆಗೆ ಬಂದರೆ ಭಾಭಿಯ ಉಸಿರು ಕಟ್ಟೀತು. ಹಾಗಾಗಿ ಎರಡು ಹಂತದ ಮೂಸಾಟ. ಮೊದಲು ಸಾಹೇಬರು, ಆಮೇಲೆ ಭಾಭಿ. ಭಾಭಿ ಸೀನಿದರೆ ಹಲಗೆ ಪಕ್ಕಕ್ಕೆ. ಗಂಟು ಇದ್ದದ್ದು, ಬಿರುಕು ಇದ್ದದ್ದು ಹೇಗೂ ಪಕ್ಕಕ್ಕೆ. ಕಟ್ಟಿಗೆಯ ರಾಶಿಯ ಪಕ್ಕ ಗಾದಿ ಹಾಕಿ ಕೂತಿದ್ದ ಕಚ್ಛಿ ಸೇಠರು ಜನ್ಮದಲ್ಲಿ ಇಂಥ ಗಿರಾಕಿಗಳನ್ನು ನೋಡಿರಲಿಲ್ಲ. ಸ್ವಲ್ಪ ಹೊತ್ತು ತಡೆದುಕೊಂಡು, ಅತ್ತರಿನ ಅಂಗಡಿ ಮಹಮ್ಮದ್ ಅಲಿ ರಸ್ತೆಯಲ್ಲಿದೆ ಎಂದು ವಿನಯದಿಂದಲೇ ದಾರಿ ತೋರಿಸಿದರು. ಭಾಭಿ ಎಷ್ಟು ನಕ್ಕರೆಂದರೆ ದಮ್ಮು ಬಂದು ಅದೇ ಸೇಠರ ಗಾದಿಯ ಮೇಲೆ ಕೂರಬೇಕಾಯಿತು. ಸೇಠರು ಗಾಬರಿಯಾಗಿ ಸೋಡಾ ತರಿಸಿದರು. ಆಮೇಲೆ ಯಾಕೆ, ಏನು ಎಂದು ವಿಚಾರಿಸಿ, ತಾವೇ ಎದ್ದು ಬಂದು ಮೂಸುವ ಸಾಲಿನಲ್ಲಿ ಮೂರನೆಯವರಾಗಿ ನಿಂತರು.

ಹಲಗೆ ಹೊಡೆಯುವಾಗಲೂ ಸಣ್ಣದೊಂದು ಯುದ್ಧವಾಯಿತು. ಬಡಗಿ ಹಲಗೆಗಳನ್ನು ನೇರ ಗೋಡೆಗೇ ಬಡಿಯಲು ಹೊರಟಿದ್ದ. ಸಾಹೇಬರು ಅಂಗೈ ಅಡ್ಡ ಹಿಡಿದರು. ಸ್ಟೋರಿನ ಕಾನೂನು ಮನೆಗೂ ಅನ್ವಯ. ಗೋಡೆಗೆ ಮೊದಲು ರೀಪು ಹೊಡೆದು, ರೀಪಿನ ಮೇಲೆ ಹಲಗೆ ಹೊಡೆಯಬೇಕು, ಹಿಂದೆ ಗಾಳಿ ಆಡಬೇಕು ಎಂದರು. ಗೋಡೆಯ ಉಸಿರು ಕಟ್ಟಿದರೆ ಅದು ಭಾಭಿಯ ಉಸಿರನ್ನೂ ಕಟ್ಟುತ್ತದೆ ಎನ್ನುವುದು ಅವರ ವಾದ. ಬಡಗಿ ಗೊಣಗಿಕೊಂಡೇ ಒಪ್ಪಿದ. ಕೆಳಗಿನಿಂದ ಮೇಲಕ್ಕೆ, ಒಂದರ ಅಂಚಿನ ಮೇಲೆ ಒಂದು, ಕ್ಯಾಲೆಂಡರಿನಲ್ಲಿ ಇದ್ದ ಹಾಗೆಯೇ ಹಲಗೆ ಏರಿತು. ಬಣ್ಣವಿಲ್ಲ, ಏನಿಲ್ಲ, ಬರೀ ಮರ. ಸಂಜೆಯ ಬಿಸಿಲು ಬಿದ್ದಾಗ ನೋಡಬೇಕಿತ್ತು. ಮೂಗು ಮುರಿದಿದ್ದ ಭಾಭಿಯೇ ರಸ್ತೆಯ ಆಚೆ ಹೋಗಿ ನಿಂತು ತಿರುಗಿ ತಿರುಗಿ ನೋಡಿದರು.

ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಗೋಡೆಗೆ ಎಣ್ಣೆ. ಅದು ಮುಂದೆ ವರ್ಷ ವರ್ಷವೂ ನಮ್ಮೆಲ್ಲರ ಹಬ್ಬವಾಗಿಬಿಟ್ಟಿತು. ಇಷ್ಟು ದೊಡ್ಡ ಗೋಡೆಗೆ ಹರಳೆಣ್ಣೆ ಒಣಗುವುದಿಲ್ಲ, ಅಗಸೆ ಎಣ್ಣೆಯೇ ಸರಿ ಎಂದು ಎಂಜಿನಿಯರರು ತೀರ್ಪು ಕೊಟ್ಟರು. ಅಮ್ಮ ಅದನ್ನು ಒಪ್ಪಿದಳು, ಆದರೆ ಒಂದು ಬಟ್ಟಲು ಹರಳೆಣ್ಣೆಯನ್ನು ತಾನೇ ತಂದು ಡಬ್ಬಕ್ಕೆ ಸುರಿಯದೆ ಬಿಡಲಿಲ್ಲ. ಮೊದಲ ಮೂರು ಬೊಟ್ಟು ಅವಳೇ ಇಟ್ಟಳು, ಮದುಮಗನಿಗೆ ಎಣ್ಣೆ ಇಡುವಂತೆ. ಆಮೇಲೆ ನಾವೆಲ್ಲ ಬನಿಯನ್ನಿನಲ್ಲಿ ಏಣಿ ಹತ್ತಿ ಹಳೆ ಬಟ್ಟೆಯಿಂದ ತಿಕ್ಕಿದೆವು. ಸೀಗೇಪುಡಿ ಯಾವಾಗ ಎಂದು ಅಕೌಂಟ್ಸಿನ ಹಿರಿಯರು ಕೇಳಿದರು. ಅದನ್ನು ಮಳೆ ನೋಡಿಕೊಳ್ಳುತ್ತದೆ ಎಂದರು ಸಾಹೇಬರು. ಮುಂದೆ ಅವರಿಗೆ ಏಣಿ ಹತ್ತಲಾಗದ ವರ್ಷಗಳಲ್ಲೂ ಕೆಳಗೆ ಕುರ್ಚಿ ಹಾಕಿ ಕೂತು, ಅಲ್ಲಿ ಬಿಟ್ಟಿದೆ, ಇಲ್ಲಿ ಬಿಟ್ಟಿದೆ ಎಂದು ಮೂಗಿನಿಂದಲೇ ಪತ್ತೆ ಹಚ್ಚಿ ಹೇಳುತ್ತಿದ್ದರು.

ಆದರೆ ಇದೆಲ್ಲ ಆಮೇಲಿನ ಮಾತು. ಆ ಮೊದಲ ವರ್ಷ ಎಣ್ಣೆ ಹಚ್ಚಿ ಬಂದ ಮೇಲೆ ನಮ್ಮೆಲ್ಲರ ಜೀವ ಕೈಯಲ್ಲಿತ್ತು. ಭಾಭಿ ಈ ಸಲ ಕುರ್ಲಾಕ್ಕೆ ಹೋಗುವುದಿಲ್ಲ, ನೋಡಿಯೇಬಿಡುತ್ತೇನೆ ಎಂದು ಬೊರಿವಲಿಯಲ್ಲೇ ಉಳಿದಿದ್ದರು. ಜೂನ್ ಬಂತು. ಮೊದಲ ಮಳೆಯೇ ಕುಂಭದ್ರೋಣ. ಸಾಯನ್, ಕುರ್ಲಾ ಎಲ್ಲ ಹಳಿಯ ಮೇಲೆ ನೀರು, ಲೋಕಲ್ ಬಂದ್. ನಾವು ಹತ್ತಿರದವರು ಹೇಗೋ ನಡೆದು ಕಾರ್ಖಾನೆ ಮುಟ್ಟಿದೆವು. ಸಾಹೇಬರು ಬರಲಿಲ್ಲ. ಮರುದಿನವೂ ಬರಲಿಲ್ಲ. ಅವರ ಮನೆಯಲ್ಲಿ ಫೋನ್ ಇಲ್ಲ. ನಮ್ಮ ಗ್ಯಾಲರಿಯಲ್ಲಿ ನಿಂತು ಪಶ್ಚಿಮದ ಮಳೆ ನೋಡುತ್ತಾ ಅಮ್ಮ, ಆ ಹುಡುಗಿಗೆ ಏನಾಯಿತೋ, ನನ್ನ ಕೈಯೆಣ್ಣೆಯನ್ನು ನಂಬಿ ಕೂತರಲ್ಲಪ್ಪಾ ಎಂದು ಚಡಪಡಿಸಿದಳು. ಭಾಭಿಗೆ ಆಗ ನಲವತ್ತು ದಾಟಿತ್ತು, ಅಮ್ಮನಿಗೆ ಮಾತ್ರ ಹುಡುಗಿಯೇ.

ನೀರಿಳಿದ ದಿನ ಸ್ಟೋರಿನ ಮುಂದೆ ನಾವೆಲ್ಲ ಕಾದಿದ್ದೆವು. ಎಂಜಿನಿಯರರು ಕೂಡ ಡ್ರಾಯಿಂಗ್ ಬಿಟ್ಟು ಬಂದಿದ್ದರು. ಸಾಹೇಬರು ಬಂದರು. ಗಡ್ಡ ಬೆಳೆದಿತ್ತು. ಕಣ್ಣು ಕೆಂಪಗೆ ಊದಿಕೊಂಡಿದ್ದವು. ಕಾಲೆಳೆದುಕೊಂಡು ನಡೆಯುತ್ತಿದ್ದರು. ಕಡೆಗೆ ನಾನೇ, ಭಾಭಿಗೆ ಹೇಗಿದೆ ಎಂದೆ.

"ಆಕಿಗೇನ್ರಿ, ಅರಾಮ ಮಲಗತಾಳ. ಗೋಡಿ ಒಣಾ ಒಣಾ ಐತಿ. ತಲಿ ಇಟ್ಟಾಕಿ ಮುಂಜಾನೀನ ಏಳತಾಳ" ಎಂದರು.

ಮತ್ತೆ ನೀವು ಯಾಕೆ ಹೀಗಿದ್ದೀರಿ ಎಂದು ಎಂಜಿನಿಯರರು ಕೇಳಿದರು.

ಸಾಹೇಬರು ಕಣ್ಣುಜ್ಜಿಕೊಂಡರು. "ಇಷ್ಟು ವರ್ಷ ಆಕಿ ಬಾಜೂಕ ಇದ್ದ ಮಳಿಗಾಲದಾಗೆಲ್ಲಾ ದಮ್ಮಿನ ಸಪ್ಪಳ ಕೇಳಕೋತ ಮಲಗಿದಾಂವ್ರೀ ನಾನು. ಈಗ ಸಪ್ಪಳನ ಇಲ್ಲ. ನನಗ ನಿದ್ದೀ ಹೆಂಗ ಬರಬೇಕು? ಗಳಿಗಿಗೊಮ್ಮೆ ಎದ್ದು ಆಕಿ ಮೂಗಿನ ಮುಂದ ಬೆರಳ ಹಿಡದು ನೋಡತೀನಿ, ಉಸಿರು ಐತೋ ಇಲ್ಲೋ ಅಂತ."

ಅಷ್ಟು ಹೇಳಿ ಒಳಗೆ ಹೋದರು. ಆಗಷ್ಟೇ ಬಂದಿಳಿದಿದ್ದ ಒಂದು ದೊಡ್ಡ ದೇವದಾರು ಪೆಟ್ಟಿಗೆಯ ಮೇಲೆ, ಗೋಡೆಗೆ ತಾಗದಂತೆ ಒಂದು ಅಂಗೈ ಬಿಟ್ಟು ಮಲಗಿಕೊಂಡರು. ಗೊರಕೆ ಅಂಗಳದವರೆಗೆ ಕೇಳಿಸತೊಡಗಿತು. ಆ ದಿನ ಊಟದ ಗಂಟೆ ಹೊಡೆಯುವವರೆಗೆ ಒಂದು ಬೋಲ್ಟು ಕೇಳುವುದಕ್ಕೂ ಯಾರೂ ಸ್ಟೋರಿನ ಕಿಟಕಿ ತಟ್ಟಲಿಲ್ಲ.